ಮೀಸಲು ಕ್ಷೇತ್ರ ಯಾರಿಗೆ ಮೀಸಲು?



ಹಾಸ್ಟೆಲಿನಲ್ಲಿ ಕೂತು ಈ ಹಾಳೆ ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿಗೆ ಹದಿನೆಂಟು ತುಂಬಿದೆ. ಕೆಲವರು ಒಂದು ಸಲ ಓಟು ಹಾಕಿದ್ದೀರಿ. ಕೆಲವರಿಗೆ ಮುಂದಿನದೇ ಮೊದಲ ಓಟು. ನಂಜನಗೂಡು, ಟಿ. ನರಸೀಪುರ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತು ಮನೆಯಲ್ಲೇ ಕಿವಿಗೆ ಬಿದ್ದಿರುತ್ತದೆ: “ನಮ್ದು ರಿಜರ್ವ್ ಕ್ಷೇತ್ರ ಕನಪ್ಪ, ಯಾರ್ ಗೆದ್ರೂ ನಮ್ಮವ್ರೇ.” ಅದೇ ಮನೆಯಲ್ಲಿ ಇನ್ನೊಂದು ಮಾತೂ ಬಿದ್ದಿರುತ್ತದೆ: “ಯಾರ್ ಗೆದ್ರೂ ನಮ್ಗ ಕೂಲಿ ತಪ್ಪುದಾ?”

ಈ ಎರಡೂ ಮಾತು ಒಂದೇ ಬಾಯಿಂದ ಬರುತ್ತವೆ. ಎರಡೂ ಸುಳ್ಳಲ್ಲ. ಗೆದ್ದವರು ನಮ್ಮವರು, ಆದರೂ ಗೆಲುವು ನಮ್ಮದಲ್ಲ. ಇದು ಹೇಗೆ ಆಯಿತು ಅಂತ ಕೇಳುವ ಹೊತ್ತು ಬಂದಿದೆ. ಯಾಕೆಂದರೆ ಎರಡು ಗಡುವುಗಳು ಹತ್ತಿರ ಬರುತ್ತಿವೆ. 2026ರ ನಂತರದ ಮೊದಲ ಜನಗಣತಿ ಆದಮೇಲೆ ಕ್ಷೇತ್ರಗಳ ಗೆರೆಗಳನ್ನು ಮತ್ತೆ ಎಳೆಯಲು ಸಂವಿಧಾನದಲ್ಲಿ ದಾರಿ ಇದೆ. ಹಾಗೆ ಎಳೆದಾಗ ಯಾವುದು ಮೀಸಲು, ಯಾವುದು ಸಾಮಾನ್ಯ ಅನ್ನುವುದೂ ಬದಲಾಗಬಹುದು. ಇನ್ನು ಶಾಸನಸಭೆಗಳ ಮೀಸಲಾತಿಗೆ ಸಂವಿಧಾನದ 334ನೇ ವಿಧಿ ಕೊಟ್ಟಿರುವ ಅವಧಿ, 104ನೇ ತಿದ್ದುಪಡಿಯ ಪ್ರಕಾರ, 2030ರ ಜನವರಿಗೆ ಮುಗಿಯುತ್ತದೆ. ಮೊದಲು ಹತ್ತು ವರ್ಷಕ್ಕೆ ಕೊಟ್ಟದ್ದನ್ನು ಹತ್ತತ್ತು ವರ್ಷ ಮುಂದೆ ಹಾಕಿಕೊಂಡು ಬಂದಿದ್ದಾರೆ. ಮುಂದೂ ಹಾಕಬಹುದು. ಆದರೆ ಆ ಹೊತ್ತಿಗೆ ಯಾರಾದರೂ ನಮ್ಮನ್ನು, “ಇಷ್ಟು ವರ್ಷ ಮೀಸಲು ಇತ್ತಲ್ಲ, ಏನು ಮಾಡಿದಿರಿ?” ಅಂದರೆ ಉತ್ತರ ನಮ್ಮ ಕೈಲಿ ಇರಬೇಕು. ಅದಕ್ಕೆ ಈ ಸಂಚಿಕೆಯಲ್ಲಿ ನಮ್ಮ ಕ್ಷೇತ್ರದ ಹಳೇ ಲೆಕ್ಕದ ಪುಸ್ತಕ ತೆಗೆದಿದ್ದೇವೆ.

ಮೊದಲು ಬೇರಿನ ಮಾತು. 1932ರ ಸೆಪ್ಟೆಂಬರ್ 24ರಂದು ಯರವಾಡ ಜೈಲಿನಲ್ಲಿ ಪೂನಾ ಒಪ್ಪಂದಕ್ಕೆ ರುಜು ಬಿತ್ತು. ಬಾಬಾಸಾಹೇಬರು ಕೇಳಿದ್ದು ಪ್ರತ್ಯೇಕ ಮತದಾನ. ಅಸ್ಪೃಶ್ಯರ ಪ್ರತಿನಿಧಿಯನ್ನು ಅಸ್ಪೃಶ್ಯರೇ ಆರಿಸಬೇಕು ಅನ್ನುವುದು ಅದರ ತಿರುಳು. ಗಾಂಧಿ ಉಪವಾಸ ಕೂತರು. ದೇಶದ ತುಂಬ ನಮ್ಮ ಕೇರಿಗಳ ಮೇಲೆ ಏನು ಬಂದು ಬೀಳುತ್ತದೋ ಅನ್ನುವ ಭಯದ ನಡುವೆ ಬಾಬಾಸಾಹೇಬರು ಜಂಟಿ ಮತದಾನಕ್ಕೆ ಒಪ್ಪಿದರು. ಪ್ರಾಂತ್ಯಗಳ ಶಾಸನಸಭೆಗಳಲ್ಲಿ 71 ಇದ್ದ ಸೀಟು 148 ಆಯಿತು. ಸೀಟು ಹೆಚ್ಚಿತು, ಆರಿಸುವ ಹಕ್ಕು ಹಂಚಿಹೋಯಿತು.

ಆದರೆ ಆ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಅದನ್ನು ನಮ್ಮವರೇ ಮರೆತಿದ್ದಾರೆ. ಪ್ರತಿ ಮೀಸಲು ಸೀಟಿಗೂ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಸೇರಿ ಓಟು ಹಾಕಿ ನಾಲ್ಕು ಜನರನ್ನು ಆರಿಸಬೇಕು. ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸಬೇಕು. ಅಂದರೆ ಊರಿನವರು ಗೆಲ್ಲಿಸುವವನು ಮೊದಲು ಕೇರಿಯ ಒಪ್ಪಿಗೆ ಪಡೆದವನೇ ಆಗಿರಬೇಕು. ಈ ಏರ್ಪಾಟಿನ ಅವಧಿ ಹತ್ತು ವರ್ಷ ಮಾತ್ರ. ನಮ್ಮದು ರಾಜರ ಸಂಸ್ಥಾನವಾದ್ದರಿಂದ ಮೈಸೂರಿನಲ್ಲಿ ಅದು ನಡೆಯಲೇ ಇಲ್ಲ. ಸಂವಿಧಾನ ಬಂದಾಗ ಮೀಸಲು ಸೀಟು ಉಳಿಯಿತು, ಕೇರಿಯ ಒಪ್ಪಿಗೆ ಅನ್ನುವ ಆ ಮೊದಲ ಬಾಗಿಲು ಉಳಿಯಲಿಲ್ಲ.

ಅದರ ಮೊದಲ ಏಟು ಬಿದ್ದದ್ದು ಯಾರ ಮೇಲೆ ಗೊತ್ತೇ? ಬಾಬಾಸಾಹೇಬರ ಮೇಲೇ. 1952ರ ಮೊದಲ ಮಹಾ ಚುನಾವಣೆಯಲ್ಲಿ ಉತ್ತರ ಮುಂಬಯಿಯ ಮೀಸಲು ಸೀಟಿನಲ್ಲಿ ಅವರು ಸೋತರು. ಗೆದ್ದವರು ಕಾಂಗ್ರೆಸ್ಸಿನ ಕಾಜ್ರೋಳ್ಕರ್, ಅವರೂ ಪರಿಶಿಷ್ಟ ಜಾತಿಯವರೇ. ಸಂವಿಧಾನ ಬರೆದ ಕೈ ಸೋತಿತು, ಪಕ್ಷದ ಗುರುತು ಗೆದ್ದಿತು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಹೀಗೇ ಆಯಿತು. ಮೀಸಲು ಸೀಟು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಈಗ ನಮ್ಮ ಸೀಮೆಗೆ ಬನ್ನಿ. 1952ರಲ್ಲಿ ಚಾಮರಾಜನಗರ ಅನ್ನುವ ಲೋಕಸಭಾ ಕ್ಷೇತ್ರ ಇರಲಿಲ್ಲ. ಮೈಸೂರು ಕ್ಷೇತ್ರದಿಂದ ಇಬ್ಬರು ಆಯ್ಕೆಯಾಗುತ್ತಿದ್ದರು, ಒಂದು ಸೀಟು ಸಾಮಾನ್ಯ, ಒಂದು ಮೀಸಲು. ಪ್ರತಿ ಮತದಾರನಿಗೂ ಎರಡು ಓಟು. ಎರಡನ್ನೂ ಒಬ್ಬನಿಗೇ ಹಾಕುವ ಹಾಗಿಲ್ಲ. ಆ ವರ್ಷ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ, ಕಾಂಗ್ರೆಸ್ಸಿನ ಎನ್. ರಾಚಯ್ಯ ಗೆದ್ದರು. 1957ರಲ್ಲಿ ಎಂ. ಶಂಕರಯ್ಯ, ಎಸ್.ಎಂ. ಸಿದ್ದಯ್ಯ, ಇಬ್ಬರೂ ಕಾಂಗ್ರೆಸ್.

ಈ ಜೋಡಿ ಕ್ಷೇತ್ರದಲ್ಲಿ ಒಂದು ತಮಾಷೆ ಇತ್ತು. ಮೀಸಲು ಸೀಟು ತುಂಬಿದ ಮೇಲೂ ಪರಿಶಿಷ್ಟರು ಹೆಚ್ಚು ಓಟು ತೆಗೆದರೆ ಸಾಮಾನ್ಯ ಸೀಟೂ ಅವರಿಗೇ ಸಿಗುತ್ತಿತ್ತು. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಅದು ನಡೆದೇ ಹೋಯಿತು. ಎರಡೂ ಸೀಟನ್ನು ಬುಡಕಟ್ಟಿನವರೇ ಗೆದ್ದರು. ಸೋತವರು ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1959ರಲ್ಲಿ ಕೋರ್ಟು ಆ ಗೆಲುವು ಸರಿ ಅಂತ ಹೇಳಿತು. ಎರಡು ವರ್ಷಕ್ಕೆ, 1961ರಲ್ಲಿ, ಪಾರ್ಲಿಮೆಂಟು ಕಾಯ್ದೆ ತಂದು ಜೋಡಿ ಕ್ಷೇತ್ರಗಳನ್ನೇ ತೆಗೆದುಹಾಕಿತು. ದೊಡ್ಡ ಕ್ಷೇತ್ರದಲ್ಲಿ ಓಡಾಡುವುದು ಕಷ್ಟ ಅನ್ನುವುದು ಒಂದು ಕಾರಣ, ನಿಜ. ಆದರೆ ನಾವು ಈ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಬೇಕು. ಮೀಸಲು ಗೆರೆಯ ಒಳಗೆ ನಾವು ಗೆದ್ದರೆ ಯಾರಿಗೂ ತಕರಾರಿಲ್ಲ. ಗೆರೆ ದಾಟಿ ಗೆದ್ದರೆ ಕೋರ್ಟಿನ ಮೆಟ್ಟಿಲು.

1962ರಿಂದ ಚಾಮರಾಜನಗರ ಒಬ್ಬರೇ ಆಯ್ಕೆಯಾಗುವ ಮೀಸಲು ಲೋಕಸಭಾ ಕ್ಷೇತ್ರ. 1962, 1967, 1971 ಮೂರೂ ಸಲ ಸಿದ್ದಯ್ಯ. 1977ರಲ್ಲಿ ಬಿ. ರಾಚಯ್ಯ. 1980, 1984, 1989, 1991 ನಾಲ್ಕು ಸಲ ವಿ. ಶ್ರೀನಿವಾಸಪ್ರಸಾದ್, ಕಾಂಗ್ರೆಸ್. 1996, 1998ರಲ್ಲಿ ಜನತಾದಳದ ಎ. ಸಿದ್ದರಾಜು. 1999ರಲ್ಲಿ ಮತ್ತೆ ಶ್ರೀನಿವಾಸಪ್ರಸಾದ್, ಈ ಸಲ ಸಂಯುಕ್ತ ಜನತಾದಳ. 2004ರಲ್ಲಿ ಜಾತ್ಯತೀತ ಜನತಾದಳದ ಎಂ. ಶಿವಣ್ಣ. 2009, 2014ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ. 2019ರಲ್ಲಿ ಮತ್ತೆ ಶ್ರೀನಿವಾಸಪ್ರಸಾದ್, ಈಗ ಬಿ.ಜೆ.ಪಿ., ಅಂತರ 1,817 ಓಟು. 2024ರಲ್ಲಿ ಕಾಂಗ್ರೆಸ್ಸಿನ ಸುನಿಲ್ ಬೋಸ್, ಅಂತರ 1,88,706.

ಈ ಪಟ್ಟಿಯನ್ನು ಎರಡು ಸಲ ಓದಿ. ಅರವತ್ತು ವರ್ಷ ದಾಟಿದೆ, ಹೆಸರುಗಳು ಏಳೇ. ಒಬ್ಬ ಹೆಣ್ಣುಮಗಳ ಹೆಸರಿಲ್ಲ. ಬೆಳಗಾಗೆದ್ದು ನಾಟಿಗೆ, ಕಳೆ ಕೀಳಲು, ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅವ್ವಂದಿರು, ಅಕ್ಕಂದಿರು ಸರದಿಯಲ್ಲಿ ನಿಂತು ಓಟು ಹಾಕಿ ಕಳಿಸಿದವರೆಲ್ಲ ಗಂಡಸರೇ. ಪರಿಶಿಷ್ಟ ಜಾತಿ ಅಂದರೆ ನಮ್ಮ ರಾಜ್ಯದಲ್ಲಿ 101 ಜಾತಿ. ಅದರಲ್ಲಿ ಎಷ್ಟು ಜಾತಿಯವರು ಈ ಕುರ್ಚಿಯನ್ನು ಹತ್ತಿರದಿಂದ ನೋಡಿದ್ದಾರೆ ಅನ್ನುವುದನ್ನೂ ನಾವೇ ಕೇಳಿಕೊಳ್ಳಬೇಕು. ಊರಿನವರು ನಮ್ಮನ್ನು ಹೊರಗಿಟ್ಟರು ಅನ್ನುವವರು, ನಮ್ಮೊಳಗೆ ನಾವು ಯಾರನ್ನು ಹೊರಗಿಟ್ಟಿದ್ದೇವೆ ಅಂತ ನೋಡದಿದ್ದರೆ ಆ ಮಾತಿಗೆ ತೂಕ ಬರುವುದಿಲ್ಲ.

ಈ ಪಟ್ಟಿಯಲ್ಲಿ ಒಂದು ಹೆಸರು ಬೇರೆಬೇರೆ ಬಣ್ಣದಲ್ಲಿ ಮತ್ತೆಮತ್ತೆ ಬರುತ್ತದೆ. ಶ್ರೀನಿವಾಸಪ್ರಸಾದರು ಮೈಸೂರಿನ ಅಶೋಕಪುರಂನವರು. 1974ರಲ್ಲಿ ಕೃಷ್ಣರಾಜ ಕ್ಷೇತ್ರದ ಉಪಚುನಾವಣೆಗೆ ಪಕ್ಷೇತರರಾಗಿ ನಿಂತು ರಾಜಕೀಯಕ್ಕೆ ಬಂದವರು. ಅದು ಮೀಸಲು ಕ್ಷೇತ್ರವಲ್ಲ. ಆ ಕಾಲ ಎಂಥದು ನೆನೆಸಿಕೊಳ್ಳಿ. 1973ರ ನವೆಂಬರಿನಲ್ಲಿ ಅದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಊರಿಗೆ ಊರೇ ಎದ್ದಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ದೇವರಾಜ ಅರಸರ ಸರ್ಕಾರ, ಬಡವರ ಸರ್ಕಾರ ಅನ್ನಿಸಿಕೊಂಡದ್ದು, ಅದೂ ಒಬ್ಬ ದಲಿತ ಮಂತ್ರಿಯ ಒಂದು ಮಾತನ್ನು ತಾಳಿಕೊಳ್ಳಲಿಲ್ಲ. ಕುರ್ಚಿ ಕೊಟ್ಟಿದ್ದರು, ನಾಲಗೆ ಕೊಟ್ಟಿರಲಿಲ್ಲ. ಆ ಗಲಾಟೆಯ ಹೊಟ್ಟೆಯಲ್ಲೇ ನಮ್ಮ ಸಂಘಟನೆ ಹುಟ್ಟಿತು. ಹಾಸ್ಟೆಲಿನ ಹುಡುಗರು ಬೀದಿಗೆ ಬಂದರು.

ಬೂಸಾ ಅಂದ ಬಸವಲಿಂಗಪ್ಪನವರ ಮೊಮ್ಮಗ ಬಿ. ಹರ್ಷವರ್ಧನ್. ಅವರೇ ಶ್ರೀನಿವಾಸಪ್ರಸಾದರ ಅಳಿಯ. 2018ರಲ್ಲಿ ಅವರು ನಂಜನಗೂಡಿನಿಂದ ಬಿ.ಜೆ.ಪಿ. ಟಿಕೆಟ್ಟಿನಲ್ಲಿ ಗೆದ್ದು ವಿಧಾನಸಭೆಗೆ ಹೋದರು. ಯಾರ ಮೇಲೂ ಕಲ್ಲು ಎಸೆಯಲು ಇದನ್ನು ಹೇಳುತ್ತಿಲ್ಲ. ಒಂದು ಚಳವಳಿಯ ಉರಿ ಮೂರು ತಲೆಮಾರಿನಲ್ಲಿ ಎಲ್ಲೆಲ್ಲಿಗೆ ಹರಿದುಹೋಗುತ್ತದೆ ಅನ್ನುವುದನ್ನು ನೀವು ನೋಡಬೇಕು. ಪಕ್ಷಗಳಿಗೆ ನಮ್ಮ ಚರಿತ್ರೆಯೂ ಬೇಕು. ಅದನ್ನು ಪೋಸ್ಟರಿಗೆ ಅಂಟಿಸಿಕೊಳ್ಳುತ್ತಾರೆ.

ನಂಜನಗೂಡು ವಿಧಾನಸಭಾ ಕ್ಷೇತ್ರದ ಕತೆ ಬೇರೆ. ಅದು ಮೀಸಲಾದದ್ದು 2008ರಲ್ಲಿ. ಅದಕ್ಕೆ ಮೊದಲು ಬಹಳ ಕಾಲ ಇಲ್ಲಿ ಡಿ.ಟಿ. ಜಯಕುಮಾರ್, ಎಂ. ಮಹದೇವ್ ಅವರ ನಡುವಿನ ಹಣಾಹಣಿ. ನಮ್ಮ ಓಟು ಇತ್ತು, ನಾವು ಉಮೇದುವಾರರಲ್ಲ. ಆ ದಿನಗಳಲ್ಲೇ, 1993ರ ಮಾರ್ಚಿಯಲ್ಲಿ, ಇದೇ ತಾಲೂಕಿನ ಬದನವಾಳು ನಡೆಯಿತು. 1927ರಲ್ಲಿ ಗಾಂಧಿ ಬಂದುಹೋದ ಖಾದಿ ಕೇಂದ್ರದ ಊರು. ಸಿದ್ದೇಶ್ವರ ದೇವಸ್ಥಾನದೊಳಕ್ಕೆ ನಮ್ಮವರು ಕಾಲಿಟ್ಟರು ಅನ್ನುವ ಸಿಟ್ಟಿಗೆ ಮೂರು ಮಂದಿ ದಲಿತರನ್ನು ಹಾಡಹಗಲೇ ಕೊಂದರು. ಅದರಲ್ಲಿ ಒಬ್ಬರು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ಮೇಷ್ಟ್ರು. ಆಗ ಲೋಕಸಭೆಗೆ ನಾವು ಕಳಿಸುತ್ತಿದ್ದದ್ದು ಮೀಸಲು ಸೀಟಿನಿಂದಲೇ, ಮೂವತ್ತು ವರ್ಷಗಳಿಂದ. ದೆಹಲಿಯಲ್ಲಿ ಒಂದು ಕುರ್ಚಿ ಇದ್ದ ಮಾತ್ರಕ್ಕೆ ಬದನವಾಳಿನ ದಾರಿ ನಮಗೆ ಕ್ಷೇಮವಾಗಲಿಲ್ಲ. ಕುರ್ಚಿಯೇ ಇಲ್ಲದಿದ್ದರೆ ಇನ್ನೇನಾಗುತ್ತಿತ್ತೋ, ಅದನ್ನೂ ಮರೆಯಬಾರದು.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ರಾಜ್ಯದ 224 ಸೀಟುಗಳ ಪೈಕಿ ಪರಿಶಿಷ್ಟ ಜಾತಿಯ ಸೀಟು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ್ದು 2ರಿಂದ 15ಕ್ಕೆ ಏರಿತು. ನಂಜನಗೂಡು ಮೀಸಲಾಯಿತು. ಟಿ. ನರಸೀಪುರ ಮೀಸಲಾಗಿಯೇ ಉಳಿಯಿತು. ಪಕ್ಕದ ಬನ್ನೂರು ಕ್ಷೇತ್ರ ಮಾಯವಾಯಿತು. ಮೈಸೂರು, ನಂಜನಗೂಡು, ಟಿ. ನರಸೀಪುರ ತಾಲೂಕುಗಳ ತುಣುಕು ಸೇರಿಸಿ ವರುಣ ಅನ್ನುವ ಹೊಸ ಸಾಮಾನ್ಯ ಕ್ಷೇತ್ರ ಕಟ್ಟಿದರು. ಮುಂದೆ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಅಲ್ಲಿಂದ ಗೆದ್ದರು. ನಮ್ಮ ಜನರಿಗೆ ಆದದ್ದು ಇಷ್ಟು: ತಾಲೂಕು ಕಚೇರಿ ಒಂದು ಕಡೆ, ಎಂ.ಎಲ್.ಎ. ಇನ್ನೊಂದು ಕಡೆ. ಒಂದೇ ತಾಲೂಕಿನ ಅಕ್ಕಪಕ್ಕದ ಕೇರಿಗಳಲ್ಲಿ ಬೀಗರ ಮನೆಯವರು ಬೇರೆ ಬೇರೆ ಯಂತ್ರಕ್ಕೆ ಓಟು ಒತ್ತುತ್ತಾರೆ. ಗೆರೆ ಎಳೆಯುವಾಗ ಕರಡು ಪ್ರಕಟಿಸಿ, ಸಾರ್ವಜನಿಕ ಸಭೆ ಕರೆದು ಆಕ್ಷೇಪಣೆ ಕೇಳಬೇಕೆಂದು 2002ರ ಕಾಯ್ದೆಯಲ್ಲೇ ಇತ್ತು. ಆ ಸಭೆಗಳಿಗೆ ನಮ್ಮ ಕೇರಿಯಿಂದ ಎಷ್ಟು ಅರ್ಜಿ ಹೋಯಿತು? ನಿಮ್ಮೂರಿನ ಹಿರಿಯರನ್ನು ಕೇಳಿ ನೋಡಿ.

ಮೀಸಲಾದ ಮೇಲೆ ನಂಜನಗೂಡಿನಲ್ಲಿ ಏನಾಯಿತು? 2008, 2013 ಎರಡೂ ಸಲ ಶ್ರೀನಿವಾಸಪ್ರಸಾದ್, ಕಾಂಗ್ರೆಸ್. ಕಂದಾಯ ಮಂತ್ರಿಯಾದರು. 2016ರಲ್ಲಿ ಸಂಪುಟದಿಂದ ಕೈಬಿಟ್ಟರು. ಅವರು ಶಾಸಕ ಸ್ಥಾನ ಬಿಟ್ಟು ಬಿ.ಜೆ.ಪಿ. ಸೇರಿದರು. 2013ರಲ್ಲಿ ಅವರ ಎದುರು ಜಾತ್ಯತೀತ ಜನತಾದಳದಿಂದ ನಿಂತಿದ್ದ ಕಳಲೆ ಕೇಶವಮೂರ್ತಿ ಕಾಂಗ್ರೆಸ್ಸಿಗೆ ಬಂದರು. 2017ರ ಏಪ್ರಿಲ್ ಉಪಚುನಾವಣೆಯಲ್ಲಿ ಅದೇ ಇಬ್ಬರು ಎದುರುಬದುರು, ಇಬ್ಬರ ಚಿಹ್ನೆಯೂ ಬೇರೆ. ಫಲಿತಾಂಶ ಬಂದದ್ದು ಅಂಬೇಡ್ಕರ್ ಜಯಂತಿಯ ಹಿಂದಿನ ದಿನ: ಕೇಶವಮೂರ್ತಿ 86,212, ಪ್ರಸಾದ್ 64,878. ಸರ್ಕಾರದ ಮಂತ್ರಿಗಳೆಲ್ಲ ಊರಲ್ಲಿ ಬೀಡುಬಿಟ್ಟಿದ್ದರು. ವಿರೋಧ ಪಕ್ಷದ ದೊಡ್ಡವರೂ ಬಿಟ್ಟಿದ್ದರು. ಇಬ್ಬರು ದಲಿತರು ಅಖಾಡದಲ್ಲಿ, ತೊಡೆ ತಟ್ಟುತ್ತಿದ್ದವರು ಬೇರೆಯವರು. ಅದು ನಂಜನಗೂಡಿನ ದಲಿತರ ಚುನಾವಣೆಯಾಗಿರಲಿಲ್ಲ, ಬೆಂಗಳೂರಿನ ಎರಡು ಮನೆಗಳ ಮಾನದ ಪ್ರಶ್ನೆಯಾಗಿತ್ತು. ಒಂದೇ ವರ್ಷಕ್ಕೆ, 2018ರಲ್ಲಿ, ಮತದಾರರು ತೀರ್ಪು ತಿರುಗಿಸಿದರು. ಹರ್ಷವರ್ಧನ್ 12,479 ಓಟಿನಿಂದ ಗೆದ್ದರು. 2023ರಲ್ಲಿ, ತೀರಿಕೊಂಡ ಧ್ರುವನಾರಾಯಣರ ಮಗ ದರ್ಶನ್ 47,607 ಓಟಿನ ಅಂತರದಲ್ಲಿ ಗೆದ್ದರು.

ಟಿ. ನರಸೀಪುರದಲ್ಲಿ ಎಚ್.ಸಿ. ಮಹದೇವಪ್ಪನವರದೇ ದೊಡ್ಡ ಅಧ್ಯಾಯ. ಜನತಾ ಪಕ್ಷ, ಜನತಾದಳ, ಜಾತ್ಯತೀತ ಜನತಾದಳ, ಕಾಂಗ್ರೆಸ್ ಅಂತ ಹಾದು ಆರು ಸಲ ಗೆದ್ದವರು. ನಡುವೆ 1999ರಲ್ಲಿ ಬಿ.ಜೆ.ಪಿ.ಯ ಭಾರತಿ ಶಂಕರ್, 2018ರಲ್ಲಿ ಜಾತ್ಯತೀತ ಜನತಾದಳದ ಅಶ್ವಿನ್ ಕುಮಾರ್ ಗೆದ್ದರು. 2018ರಲ್ಲಿ ಮಂತ್ರಿಯಾಗಿದ್ದ ಮಹದೇವಪ್ಪನವರನ್ನು ಜನ 28,478 ಓಟಿನಿಂದ ಸೋಲಿಸಿದರು. 2023ರಲ್ಲಿ ಅದೇ ಜನ 18,619 ಓಟಿನಿಂದ ಗೆಲ್ಲಿಸಿದರು. 2024ರಲ್ಲಿ ಲೋಕಸಭೆಗೆ ಗೆದ್ದ ಸುನಿಲ್ ಬೋಸ್ ಅವರ ಮಗ.

ಮಾವನ ನಂತರ ಅಳಿಯ, ಅಪ್ಪನ ನಂತರ ಮಗ. ಮಗ ಬರಬಾರದು ಅಂತ ಕಾನೂನಿಲ್ಲ, ಎಲ್ಲ ಜಾತಿಯ ಮನೆಗಳಲ್ಲೂ ನಡೆಯುವುದೇ. ಇವರಲ್ಲಿ ಕೆಲಸ ಮಾಡಿದವರಿದ್ದಾರೆ, ಧ್ರುವನಾರಾಯಣರನ್ನು ಹಳ್ಳಿಯ ಜನ ಇವತ್ತಿಗೂ ನೆನೆಯುತ್ತಾರೆ. ಆದರೆ ಮೀಸಲು ಅನ್ನುವುದು ಬಾಗಿಲು ಅಗಲ ಮಾಡಲು ಬಂದದ್ದು. ಅದೇ ಬಾಗಿಲು ಎರಡು ಮೂರು ಮನೆಯ ಪಡಸಾಲೆಗೆ ಮಾತ್ರ ತೆರೆದರೆ, ಜೀತದಾಳಿನ ಮಗಳು, ಪೌರಕಾರ್ಮಿಕನ ಮಗ ಯಾವ ಬಾಗಿಲು ತಟ್ಟಬೇಕು?

ನಮ್ಮ ಸೀಮೆಯಲ್ಲಿ ಚಿಕ್ಕಯ್ಯನಛತ್ರ ಅನ್ನುವ ಊರಿದೆ, ನಂಜನಗೂಡು ತಾಲೂಕಿನ ಹೋಬಳಿ. ಛತ್ರ ಅಂದರೆ ದಾರಿಹೋಕರು ರಾತ್ರಿ ತಂಗಿ, ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಡುವ ಜಾಗ. ಮೀಸಲು ಕ್ಷೇತ್ರವನ್ನು ಪಕ್ಷಗಳು ಹಾಗೇ ಬಳಸುತ್ತಿವೆ. ಐದು ವರ್ಷಕ್ಕೊಮ್ಮೆ ಬರುತ್ತಾರೆ, ಒಲೆ ಹಚ್ಚುತ್ತಾರೆ, ಉಂಡು ಹೋಗುತ್ತಾರೆ. ಬೂದಿ ಬಳಿಯುವವರು ನಾವು.

ಯಾಕೆ ಹೀಗೆ? ವ್ಯಕ್ತಿಯನ್ನು ಬೈದರೆ ಉತ್ತರ ಸಿಗುವುದಿಲ್ಲ. ಕಟ್ಟಡವನ್ನು ನೋಡಬೇಕು.

ಮೊದಲನೆಯದು ಲೆಕ್ಕ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17. ಚಾಮರಾಜನಗರ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 25. ಅಷ್ಟು ಹೆಚ್ಚಿರುವ ಕಡೆಯೂ ನಾಲ್ಕರಲ್ಲಿ ಮೂರು ಪಾಲು ಬೇರೆಯವರು. ಮೀಸಲು ಕ್ಷೇತ್ರದ ಉಮೇದುವಾರರೆಲ್ಲ ದಲಿತರೇ ಆದ್ದರಿಂದ ನಮ್ಮ ಓಟು ಅವರ ನಡುವೆ ಹಂಚಿಹೋಗುತ್ತದೆ. ಗೆಲ್ಲಿಸುವ ಓಟು ಊರಿನದು. ಹಾಗಾಗಿ ಊರಿನ ಯಜಮಾನರಿಗೆ ಸಿಟ್ಟು ಬಾರದ ಹಾಗೆ ಮಾತಾಡುವ ದಲಿತನೇ ಗೆಲ್ಲುವ ಕುದುರೆ.

ಎರಡನೆಯದು ಬಿ ಫಾರಂ. ಅದನ್ನು ಕೊಡುವವರು ಬೆಂಗಳೂರು, ದೆಹಲಿ. ಕೇರಿಯ ಯಜಮಾನರ ಸಭೆ ಅದನ್ನು ಕೊಡುವುದಿಲ್ಲ. ಕೊಟ್ಟವರ ಕಡೆಗೆ ಮುಖ, ಓಟು ಹಾಕಿದವರ ಕಡೆಗೆ ಬೆನ್ನು.

ಮೂರನೆಯದು ವಿಪ್. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಸಭೆಯಲ್ಲಿ ಪಕ್ಷ ಹೇಳಿದ ಕಡೆ ಕೈ ಎತ್ತದಿದ್ದರೆ ಸದಸ್ಯತ್ವವೇ ಹೋಗಬಹುದು. 36 ಜನ ದಲಿತ ಶಾಸಕರು, 15 ಜನ ಬುಡಕಟ್ಟಿನ ಶಾಸಕರು ಸೇರಿದರೆ 51. ಯಾವ ಸರ್ಕಾರವನ್ನೂ ಅಲ್ಲಾಡಿಸುವ ಸಂಖ್ಯೆ. ಆದರೆ ಆ 51 ಮಂದಿ ಒಂದು ವಿಷಯಕ್ಕೆ ಒಟ್ಟಿಗೆ ಎದ್ದು ನಿಂತದ್ದು ಯಾರಿಗಾದರೂ ನೆನಪಿದೆಯೇ?

ನಿಮಗೆ ನೇರ ತಟ್ಟುವ ಉದಾಹರಣೆ ಕೊಡುತ್ತೇವೆ. 2013ರಲ್ಲಿ ರಾಜ್ಯ ಒಂದು ಒಳ್ಳೆಯ ಕಾಯ್ದೆ ಮಾಡಿತು. ಪರಿಶಿಷ್ಟರ ಜನಸಂಖ್ಯೆಯಷ್ಟು ಪಾಲಿನ ಹಣ ಅವರ ಉಪಯೋಜನೆಗೆ ಮೀಸಲು. ಹಾಸ್ಟೆಲು, ವಿದ್ಯಾರ್ಥಿವೇತನ, ಜಮೀನು, ಕೊಳವೆಬಾವಿ, ಹೀಗೆ ಎಷ್ಟೋ ಯೋಜನೆಗೆ ಈ ಹಣ ಬರಬೇಕು. ಅದರಲ್ಲಿ 7(ಡಿ) ಅನ್ನುವ ಕಿಂಡಿ ಇತ್ತು. ಎಲ್ಲರಿಗಾಗಿ ಮಾಡಿದ ಖರ್ಚಿನ ಒಂದು ಭಾಗವನ್ನು ನಮಗಾಗಿ ಮಾಡಿದ್ದು ಅಂತ ಬರೆದುಕೊಳ್ಳಬಹುದಿತ್ತು. ಚಳವಳಿಗಳು ಕೂಗಿದ ಮೇಲೆ 2023ರಲ್ಲಿ ಆ ಕಿಂಡಿ ಮುಚ್ಚಿದರು. ಸಂತೋಷ. ಅದೇ 2023-24ರಲ್ಲಿ ಉಪಯೋಜನೆಯ 34,000 ಕೋಟಿಗೂ ಹೆಚ್ಚಿನ ಹಣದಲ್ಲಿ 11,000 ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳಿಗೆ ಹಾಕಿದರು. ಅಕ್ಕಿ, ಬಸ್ಸು, ತಿಂಗಳ ಎರಡು ಸಾವಿರ ದಲಿತ ಮನೆಗಳಿಗೂ ಹೋಗುತ್ತದಲ್ಲ ಅನ್ನುವುದು ಸರ್ಕಾರದ ಉತ್ತರ. ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ನಮ್ಮ ಅವ್ವಂದಿರ ಕೈಗೆ ಬಂದ ಆ ದುಡ್ಡು ನಮಗೆ ಹಗುರವಲ್ಲ. ಆದರೆ ಬೇರೆ ಜಾತಿಯ ಅವ್ವನಿಗೆ ಅದು ರಾಜ್ಯದ ಸಾಮಾನ್ಯ ಹಣದಿಂದ ಬರುತ್ತದೆ. ನಮ್ಮ ಅವ್ವನಿಗೆ ಅವಳ ಮಗಳ ಹಾಸ್ಟೆಲಿನ ಪಾಲಿನಿಂದ ಬರುತ್ತದೆ. ಈ ಒಂದು ವಾಕ್ಯವನ್ನು ವಿಧಾನಸಭೆಯಲ್ಲಿ ಗಟ್ಟಿಯಾಗಿ ಹೇಳಬೇಕಾದವರು ಮೀಸಲು ಕ್ಷೇತ್ರದ ಶಾಸಕರು. 2023ರಲ್ಲಿ ಸಮಾಜ ಕಲ್ಯಾಣ ಖಾತೆ ಹಿಡಿದವರು ನಮ್ಮ ಟಿ. ನರಸೀಪುರದ ಶಾಸಕರೇ. ಅವರು ಸರ್ಕಾರದ ಪರ ಉತ್ತರ ಹೇಳಬೇಕಾಯಿತು. ಇಲ್ಲಿ ಮನುಷ್ಯ ಕೆಟ್ಟವನೋ ಒಳ್ಳೆಯವನೋ ಅನ್ನುವುದು ಪ್ರಶ್ನೆಯಲ್ಲ. ಕುರ್ಚಿಯ ಕಾಲುಗಳು ಯಾರ ನೆಲದ ಮೇಲೆ ನಿಂತಿವೆ ಅನ್ನುವುದು ಪ್ರಶ್ನೆ.

ಹಾಗಾದರೆ ನಮ್ಮದೇ ಪಕ್ಷ ಕಟ್ಟಿದರೆ? ಅದೂ ಇದೇ ಸೀಮೆಯಲ್ಲಿ ನಡೆದಿದೆ. 2018ರಲ್ಲಿ ಇದೇ ಲೋಕಸಭಾ ಕ್ಷೇತ್ರದ ಕೊಳ್ಳೇಗಾಲದಿಂದ ಎನ್. ಮಹೇಶ್ ಆನೆ ಗುರುತಿನಲ್ಲಿ ಗೆದ್ದರು. ಆ ಸಭೆಯಲ್ಲಿ ಬಿ.ಎಸ್.ಪಿ.ಯ ಒಬ್ಬರೇ ಶಾಸಕರು. ಎಷ್ಟೋ ವರ್ಷ ಸೈಕಲ್ಲು ತುಳಿದು, ಗೋಡೆ ಬರೆದು, ಚಂದಾ ಎತ್ತಿದ ಹುಡುಗರು ಅವತ್ತು ಅತ್ತರು. ಮಂತ್ರಿಯಾದರು, ಕೆಲವೇ ತಿಂಗಳಿಗೆ ಬಿಟ್ಟರು. 2019ರ ವಿಶ್ವಾಸಮತದ ದಿನ ಸಭೆಗೆ ಹೋಗಲಿಲ್ಲ, ಪಕ್ಷ ಹೊರಹಾಕಿತು. 2021ರಲ್ಲಿ ಬಿ.ಜೆ.ಪಿ. ಸೇರಿದರು. 2023ರಲ್ಲಿ ಸೋತರು. ಪಕ್ಷ ನಮ್ಮದಾದರೂ, ಗೆದ್ದವರನ್ನು ಕೇಳುವ ಸಂಘಟನೆ ಕೆಳಗೆ ಇಲ್ಲದಿದ್ದರೆ ಗೆಲುವು ಕೈ ಜಾರುತ್ತದೆ. ಆ ಕತೆಯಿಂದ ನಾವು ತೆಗೆದುಕೊಂಡ ಪಾಠ ಇಷ್ಟು.

ಇದನ್ನೆಲ್ಲ ಓದಿ ಕೆಲವರು, “ಬಿಡಪ್ಪ, ಓಟೇ ಬೇಡ” ಅನ್ನಬಹುದು. ಅವರಿಗೆ ಸಂತೇಮರಹಳ್ಳಿಯ ಕತೆ ಹೇಳುತ್ತೇವೆ. ನಮ್ಮ ಪಕ್ಕದ ಈ ಮೀಸಲು ಕ್ಷೇತ್ರ 2008ರಲ್ಲಿ ಇಲ್ಲವಾಯಿತು. ಅಲ್ಲಿ 2004ರಲ್ಲಿ ಧ್ರುವನಾರಾಯಣರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಓಟು. ಕೃಷ್ಣಮೂರ್ತಿಯವರ ಕಾರಿನ ಡ್ರೈವರಿಗೇ ಅವತ್ತು ಓಟು ಹಾಕಲು ಆಗಲಿಲ್ಲ ಅಂತ ಇಡೀ ರಾಜ್ಯವೇ ಮಾತಾಡಿತು. ಆ ಒಂದು ಓಟಿನಿಂದ ಹೊರಟವರು ಎರಡು ಸಲ ಲೋಕಸಭೆಗೆ ಹೋದರು. ಸೋತವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಬಂದರು. ಹಾಸ್ಟೆಲಿನ ಒಂದು ಕೋಣೆಯಲ್ಲಿ ಎಷ್ಟು ಓಟಿವೆ, ಎಣಿಸಿ.

ಮೀಸಲನ್ನೇ ತೆಗೆದುಬಿಡಿ ಅನ್ನುವವರಿಗೂ ಒಂದು ಮಾತು. ಸಾಮಾನ್ಯ ಕ್ಷೇತ್ರಗಳಲ್ಲಿ ಪಕ್ಷಗಳು ನಮ್ಮವರಿಗೆ ಎಷ್ಟು ಟಿಕೆಟು ಕೊಡುತ್ತವೆ, ನೋಡಿ ಆಮೇಲೆ ಮಾತಾಡಿ. ಮೀಸಲು ಇಲ್ಲದಿದ್ದರೆ ಈ ಪಟ್ಟಿಯ ಏಳು ಹೆಸರೂ ಇರುತ್ತಿರಲಿಲ್ಲ. ನಮ್ಮ ತಕರಾರು ಕುರ್ಚಿಯ ಮೇಲಲ್ಲ. ಕುರ್ಚಿಯಿಂದ ಕೇರಿಗೆ ಹಗ್ಗ ಕಟ್ಟಿಲ್ಲವಲ್ಲ, ಅದರ ಮೇಲೆ.

ಆ ಹಗ್ಗ ಹೊಸೆಯುವುದು ಹೇಗೆ? ಕೆಲಸಗಳು ಹೀಗಿವೆ.

ಒಂದು. ಹದಿನೆಂಟು ತುಂಬಿದವರು ಪಟ್ಟಿಗೆ ಹೆಸರು ಸೇರಿಸಿ. ನಮೂನೆ 6 ತುಂಬಬೇಕು. ಹಾಸ್ಟೆಲಿನ ವಿಳಾಸದಲ್ಲೂ ಸೇರಬಹುದು, ಊರಿನ ವಿಳಾಸದಲ್ಲೂ ಸೇರಬಹುದು. ಎರಡೂ ಕಡೆ ಬೇಡ, ತಪ್ಪಾಗುತ್ತದೆ. ಮೀಸಲು ಕ್ಷೇತ್ರದ ಮಕ್ಕಳು ಊರಿನಲ್ಲೇ ಇರಲಿ ಅನ್ನುವುದು ನಮ್ಮ ಸಲಹೆ.

ಎರಡು. ಪೂನಾ ಒಪ್ಪಂದದಲ್ಲಿ ಕಳೆದುಹೋದ ಆ ಮೊದಲ ಬಾಗಿಲನ್ನು ನಾವೇ ತೆರೆಯೋಣ. ಕಾನೂನು ಬೇಕಿಲ್ಲ. ಟಿಕೆಟು ಹಂಚುವ ಮೊದಲೇ ಪ್ರತಿ ಹೋಬಳಿಯ ಅಂಬೇಡ್ಕರ್ ಭವನದಲ್ಲಿ ಸಭೆ ಕರೆಯಿರಿ. ಟಿಕೆಟು ಕೇಳುವವರೆಲ್ಲ ಬಂದು ನಿಂತು ಉತ್ತರ ಹೇಳಲಿ. ಹೆಂಗಸರು ಮುಂದಿನ ಸಾಲಿನಲ್ಲಿ ಕೂರಲಿ, ಮೊದಲ ಪ್ರಶ್ನೆ ಅವರದಾಗಲಿ. ಸಣ್ಣ ಜಾತಿಗಳ ಒಬ್ಬೊಬ್ಬರಾದರೂ ಮಾತಾಡಲಿ. ಚೀಟಿ ಹಾಕಿ ನಾಲ್ಕು ಹೆಸರು ಆರಿಸಿ, ಎಲ್ಲ ಪಕ್ಷಗಳಿಗೂ ಕಳಿಸಿ. ಪಕ್ಷ ಕೇಳದಿರಬಹುದು. ಆದರೆ ಕೇರಿ ಯಾರನ್ನು ಬೇಕು ಅಂದಿತ್ತು, ಪಕ್ಷ ಯಾರನ್ನು ಹೇರಿತು ಅನ್ನುವುದು ಊರಿಗೆಲ್ಲ ಗೊತ್ತಾಗಲಿ.

ಮೂರು. ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ನಿಮ್ಮ ಕ್ಷೇತ್ರದ ಶಾಸಕರು ಯಾವ ದಿನ ಸಭೆಯಲ್ಲಿ ಏನು ಕೇಳಿದರು, ಉಪಯೋಜನೆಯ ಹಣದ ಬಗ್ಗೆ ಬಾಯಿ ತೆರೆದರೋ ಇಲ್ಲವೋ, ದೌರ್ಜನ್ಯ ನಡೆದ ಊರಿಗೆ ಎಷ್ಟು ದಿನಕ್ಕೆ ಹೋದರು, ಬರೆಯಿರಿ. ಬೈಗುಳ ಬೇಡ, ತಾರೀಖು ಸಾಕು.

ನಾಲ್ಕು. ಕ್ಷೇತ್ರ ಮರುವಿಂಗಡಣೆಯ ಕರಡು ಬಂದ ದಿನವೇ ಓದಿ. ನಮ್ಮ ಕೇರಿಗಳನ್ನು ತುಂಡು ಮಾಡಿ ಹಂಚಿದ್ದಾರಾ, ನಮ್ಮವರು ಹೆಚ್ಚಿರುವ ಕಡೆಯಿಂದ ಮೀಸಲು ಕಿತ್ತಿದ್ದಾರಾ, ನೋಡಿ ಅರ್ಜಿ ಹಾಕಿ. ಜನಗಣತಿ, ಮರುವಿಂಗಡಣೆ ಆದ ಮೇಲೆ ಮೀಸಲು ಸೀಟುಗಳಲ್ಲೂ ಮೂರರಲ್ಲಿ ಒಂದು ಹೆಂಗಸರಿಗೆ ಅಂತ 2023ರ 106ನೇ ತಿದ್ದುಪಡಿ ಹೇಳುತ್ತದೆ. ಆ ಸೀಟು ಬಂದಾಗ ಯಾವ ಮನೆಯ ಸೊಸೆ ನಿಲ್ಲುತ್ತಾಳೆ ಅಂತ ಪಕ್ಷಗಳು ಆಗಲೇ ಎಣಿಸುತ್ತಿರುತ್ತವೆ. ಹಾಸ್ಟೆಲಿನ ಅಕ್ಕತಂಗಿಯರೇ, ನೀವು ಈಗಿನಿಂದಲೇ ಸಭೆಯಲ್ಲಿ ಎದ್ದು ನಿಂತು ಮಾತಾಡುವುದನ್ನು ರೂಢಿ ಮಾಡಿಕೊಳ್ಳಿ.

ಬಾಬಾಸಾಹೇಬರು ಕೇಳಿದ್ದು ನಮ್ಮವನೊಬ್ಬ ಕುರ್ಚಿಯಲ್ಲಿ ಕೂತಿರುವ ಫೋಟೋ ಅಲ್ಲ. ನಮ್ಮ ಮಾತಿಗೆ ಬಾಧ್ಯನಾದ ಪ್ರತಿನಿಧಿಯನ್ನು ಕೇಳಿದ್ದರು. 1932ರಲ್ಲಿ ತಪ್ಪಿದ್ದು ಅದು. ಮುಂದಿನ ಚುನಾವಣೆಗೆ ಜೀಪು ಕೇರಿಗೆ ಬಂದು, “ನಮ್ಮವ್ರೇ ಕನವ್ವ, ಓಟಾಕಿ” ಅಂದಾಗ ನಮ್ಮ ಅವ್ವಂದಿರು, “ನಮ್ಮವ್ನಾದ್ರ ಬಾ, ಇಲ್ ನಿಂತ್ಕಂಡು ಲೆಕ್ಕ ಹೇಳು” ಅನ್ನಬೇಕು. ಆ ಲೆಕ್ಕದ ಪುಸ್ತಕ ಅವರ ಕೈಗೆ ಕೊಡಬೇಕಾದವರು ಓದಿದ ನೀವು.

ಜೈ ಭೀಮ್.